ಐದು ತುಂಡು ಮದುಮಗಳು

ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಮೂರು ಸಲ ಹಿಡಿದು ಮೂರು ಸಲವೂ ನೂರು ಪುಟದ ಆಚೀಚೆ ಕೈಬಿಟ್ಟಿದ್ದೆ. ನಾಲ್ಕನೇ ಸಲ ಮುಗಿಸಿದೆ. ಪುಸ್ತಕವನ್ನು ಬ್ಲೇಡಿನಲ್ಲಿ ಐದು ತುಂಡು ಮಾಡಿ.

ಬೈಯುವವರು ಬೈದುಕೊಳ್ಳಿ. ನಮ್ಮ ತುಮಕೂರು ರೈಲಿನ ಪಾಸ್ ಗೆಳೆಯರು ಆಗಲೇ ಬೈದಿದ್ದಾರೆ. ‘ಸರಸ್ವತೀನ ಕೊಯ್ತೀಯಲ್ಲೋ’ ಅಂದರು ಒಬ್ಬರು. ಇನ್ನೊಬ್ಬರು, ‘ಕೊಯ್ದರೂ ನಿನ್ನ ಕೈಲಿ ಆಗಲ್ಲ ಬಿಡು’ ಅಂದರು. ಆದರೆ ನಿಂತುಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ಏಳುನೂರು ಪುಟದ ಪುಸ್ತಕ ಓದಿ ನೋಡಿ. ಕಾದಂಬರಿಯ ಗುತ್ತಿ ಬೆಟ್ಟಳ್ಳಿಗೆ ಹೋಗಿ ತಿಮ್ಮಿಯನ್ನು ಹಾರಿಸಿಕೊಂಡು ಬರೋದಕ್ಕೆ ಮುಂಚೆ ಮಣಿಕಟ್ಟು ಬಿದ್ದುಹೋಗುತ್ತೆ.

ಇದಕ್ಕೆ ಮುಂಚೆ ದುಡ್ಡು ಕಳೆದದ್ದೂ ಇದೆ. ಸುಮಾರು ಒಂಬತ್ತು ಸಾವಿರ ಕೊಟ್ಟು ಇ-ರೀಡರ್ ತಗೊಂಡೆ. ನನಗೆ ಬೇಕಾದ ಕನ್ನಡ ಪುಸ್ತಕ ಅದರಲ್ಲಿ ಸಿಗಲಿಲ್ಲ. ನಾಲ್ಕು ಸಾವಿರಕ್ಕೆ ಮಾರಿದೆ. ಆಮೇಲೆ ಫುಟ್‌ಪಾತಿನಲ್ಲಿ ಮದುಮಗಳ ಹಳೇ ಪ್ರತಿ ಸಿಕ್ಕಿತು, ಇನ್ನೂರೈವತ್ತೋ ಏನೋ. ಸಮ ಪಾಲು ಆಗಲಿ ಅಂತ ಸ್ಕೇಲ್ ಇಟ್ಟು ಮೊದಲ ತುಂಡು ಕೊಯ್ದೆ. ಅಲ್ಲೇ ಕೆಟ್ಟದ್ದು. ಫಾರಂ, ಅಂದರೆ ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಕಟ್ಟು, ಅದರ ನಡುವೆ ಬ್ಲೇಡ್ ಬಿದ್ದು ಹೊಲಿಗೆ ಬಿಚ್ಚಿಕೊಂಡಿತು. ಕ್ಯಾತ್ಸಂದ್ರ ದಾಟುವಾಗ ಹತ್ತು ಹನ್ನೆರಡು ಹಾಳೆ ಬೋಗಿಯೆಲ್ಲಾ ಹಾರಾಡಿದವು. ಎರಡು ಹಾಳೆ ಕಿಟಕಿಯಿಂದ ಆಚೆಗೇ ಹೋದವು. ಅವನ್ನು ಲೈಬ್ರರಿ ಪ್ರತಿಯಿಂದ ಜೆರಾಕ್ಸ್ ಮಾಡಿಸಿ ಅಂಟಿಸಿದೆ. ಉಳಿದದ್ದನ್ನು ಫಾರಂ ಎಣಿಸಿ, ಎರಡು ಫಾರಂ ಸೇರುವ ಕಡೆಯೇ ಕೊಯ್ದೆ. ಬೈಂಡಿಂಗ್ ಅಂಗಡಿಯವರು ನೂರೈವತ್ತಕ್ಕೆ ಐದಕ್ಕೂ ರಟ್ಟು ಹಾಕಿಕೊಟ್ಟರು.

ಇನ್ನು ಹೆಸರುಗಳ ಗೋಜಲು. ಸಿಂಬಾವಿ, ಕೋಣೂರು, ಹೂವಳ್ಳಿ, ಮೇಗರವಳ್ಳಿ ಅಂತ ಕಾದಂಬರಿಯ ಊರುಗಳನ್ನೆಲ್ಲಾ ಹಳೇ ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ ಬರೆದುಕೊಂಡೆ. ಯಾರು ಯಾರ ಮನೆಯವರು ಅಂತ ನೆನಪಿಡೋಕೆ ಬೇರೊಂದು ಉಪಾಯ ಇದೆ. ಅದನ್ನು ಮಾತ್ರ ಹೇಳಲ್ಲ. ಹೂವಳ್ಳಿ ಚಿನ್ನಮ್ಮನ ಮದುವೆ ಹೊತ್ತಿಗೆ ನಾನು ಒಂದು ಸಲವೂ ಹಿಂದಕ್ಕೆ ಪುಟ ತಿರುವಲಿಲ್ಲ ಅಂದರೆ ತಿಳ್ಕೊಳ್ಳಿ.

ಭಾನುವಾರ ಅಮ್ಮನಿಗೆ ಗಟ್ಟಿಯಾಗಿ ಓದಿಯೂ ನೋಡಿದೆ. ಅಮ್ಮನ ತವರು ಕೊಪ್ಪದ ಕಡೆ. ‘ಕಂಬಳಿಕೊಪ್ಪೆ’ ಅಂತ ನಾನು ಸರಾಗವಾಗಿ ಓದಿ ಮುಂದೆ ಹೋದರೆ ಅಮ್ಮ ನಿಲ್ಲಿಸಿದರು. ಎದ್ದು ಹೋಗಿ ಕಂಬಳಿ ತಂದು, ಮೂಲೆ ಮಡಚಿ ತಲೆಗೆ ಹಾಕಿಕೊಂಡು ತೋರಿಸಿದರು. ಮಳೆ ಬಂದರೆ ಹೀಗೆ ಬಾಗಬೇಕು ಅಂತ ಬಾಗಿಯೂ ತೋರಿಸಿದರು. ಅವತ್ತು ಆರೇ ಪುಟ ಆದದ್ದು. ಓದಿನ ವೇಗಕ್ಕೆ ಈ ಪ್ರಯೋಗ ಪೂರ್ತಿ ಫೇಲು.

ಮದುಮಗಳು ಭಾರ ಅನಿಸಿದ ದಿನ ಓದಲು ಇನ್ನೆರಡು ಪುಸ್ತಕ ಇಟ್ಟುಕೊಂಡಿದ್ದೆ. ಒಂದು ಆರ್ಟ್ ಸ್ಪೀಗೆಲ್‌ಮನ್ ಅವರ ‘ಮೌಸ್’. ಹಿಟ್ಲರನ ಕಾಲದಲ್ಲಿ ಯಹೂದಿಗಳು ಪಟ್ಟ ಪಾಡಿನ ಇಂಗ್ಲಿಷ್ ಕಾಮಿಕ್ಸು, ಆರೇಳು ನೂರು ಆಯಿತು. ಯಹೂದಿಗಳು ಇಲಿ, ಜರ್ಮನ್ನರು ಬೆಕ್ಕು, ಪೋಲೆಂಡಿನವರು ಹಂದಿ. ಮಕ್ಕಳ ಚಿತ್ರ ಅಂದುಕೊಂಡು ಊಟದ ಜೊತೆ ಓದಲು ಕೂತೆ, ತುತ್ತು ಇಳಿಯಲಿಲ್ಲ. ತಲೆಮರೆಸಿಕೊಂಡ ಗಂಡ ಹೆಂಡತಿ, ಅಂದರೆ ಲೇಖಕರ ಅಪ್ಪ ಅಮ್ಮ, ಹಂದಿ ಮುಖವಾಡ ಹಾಕಿ ಬೀದಿಯಲ್ಲಿ ನಡೆಯುತ್ತಾರೆ. ಹೆಂಡತಿಯ ಬಾಲ ಮಾತ್ರ ಕೋಟಿನ ಕೆಳಗಿಂದ ಕಾಣುತ್ತಿರುತ್ತೆ. ಅಷ್ಟೇ ಚಿತ್ರ. ನಾನು ಒಂದು ಸ್ಟೇಷನ್ ಆಗುವಷ್ಟು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಅದೇ ಅಪ್ಪ ಮುದುಕನಾದ ಮೇಲೆ ನ್ಯೂಯಾರ್ಕಿನ ರಸ್ತೆಯಲ್ಲಿ ಬಿದ್ದ ವೈರಿನ ಚೂರು ಎತ್ತಿಕೊಂಡು ಮಗನ ಕೈಲಿ ಬೈಸಿಕೊಳ್ಳುತ್ತಾನೆ. ನಮ್ಮ ತಾತ ಸೊಟ್ಟ ಮೊಳೆ ಬಡಿದು ನೆಟ್ಟಗೆ ಮಾಡಿ ಇಡುತ್ತಿದ್ದರು.

ಇನ್ನೊಂದು ತೇಜಸ್ವಿಯವರ ‘ಅಣ್ಣನ ನೆನಪು’. ಕುವೆಂಪು 1994ರಲ್ಲಿ ತೀರಿಕೊಂಡ ಮೇಲೆ ಬಂದ ಪುಸ್ತಕ. ಇಲ್ಲೂ ಮಗನೇ ಅಪ್ಪನ ಬಗ್ಗೆ ಬರೆದಿರೋದು. ಸುಮ್ನೆ ಹೂಹಾರ ಹಾಕಿಲ್ಲ, ನಗಿಸುತ್ತಲೇ ಹೇಳುತ್ತಾರೆ. ಮಗ ಬರೆದದ್ದು ಓದಿ, ಮತ್ತೆ ಅಪ್ಪನ ಕಾದಂಬರಿಗೆ ಬಂದರೆ ರುಚಿ ಜಾಸ್ತಿ. ಯೋಚಿಸಿ ಮಾಡಿದ ಜೋಡಿ ಅಲ್ಲ, ಆದರೆ ಈಗ ಹಾಗೇ ಹೇಳಿಕೊಳ್ಳುತ್ತಿದ್ದೇನೆ.

ಮದುಮಗಳು ಮುಗಿಯೋಕೆ ಸುಮಾರು ಎಪ್ಪತ್ತು ದಿನ ಹಿಡಿಯಿತು. ಗುತ್ತಿಯ ನಾಯಿ ಹುಲಿಯನಿಗೆ ಕೊನೆಗೆ ಏನಾಯಿತು ಅನ್ನೋದು ಓದಿದವರಿಗೆ ಗೊತ್ತು. ಅದನ್ನು ಓದಿದ ದಿನ ಯಶವಂತಪುರದಲ್ಲಿ ಇಳಿಯೋದು ಮರೆತು ಮೆಜೆಸ್ಟಿಕ್ಕಿಗೆ ಹೋದೆ.

‘ನಿನ್ನ ಕೈಲಿ ಆಗಲ್ಲ’ ಅಂದವರು ಮೊದಲನೇ ತುಂಡು ಇಸಕೊಂಡು ಹೋಗಿ ಎರಡು ತಿಂಗಳಾಯಿತು. ಎರಡನೇ ತುಂಡು ಇನ್ನೂ ಕೇಳಿಲ್ಲ.