ಇಲ್ಲಿ ಟೀ ಬೇಕಾ ಅಂತ ಒಂದೇ ಸಲ ಕೇಳ್ತಾರೆ: ಲೀಡ್ಸ್‌ಗೆ ಹೊಸದಾಗಿ ಬಂದವರಿಗೆ

ಎನ್‌ಐ ನಂಬರು (ಕೆಲಸಕ್ಕೆ, ತೆರಿಗೆಗೆ ಬೇಕಾಗೋ ನ್ಯಾಷನಲ್ ಇನ್ಶೂರೆನ್ಸ್ ನಂಬರು), ಜಿಪಿ ಅಂದ್ರೆ ಊರಿನ ಡಾಕ್ಟರ ಹತ್ರ ರಿಜಿಸ್ಟ್ರೇಶನ್ನು, ಬ್ಯಾಂಕ್ ಅಕೌಂಟು, ಕೌನ್ಸಿಲ್ ಟ್ಯಾಕ್ಸು ಅನ್ನೋ ಮನೆ ತೆರಿಗೆ ಎಲ್ಲಾ ಮೊದಲ ಎರಡು ವಾರದಲ್ಲೇ ಶುರುಮಾಡ್ಕೊಳ್ಳಿ, ಸರ್ಕಾರಿ ವೆಬ್‌ಸೈಟಲ್ಲಿ ವಿವರ ಇದೆ. ನಾನು ಹೇಳಕ್ಕೆ ಬಂದಿದ್ದು ಟೀ ವಿಷಯ. ದಾವಣಗೆರೆಯಿಂದ ಬಂದ ಮೊದಲ ವರ್ಷ ನಾನು ಜನರಿಂದ ದೂರ ಉಳಿದಿದ್ದು ಇಂಗ್ಲಿಷ್ ಬರದೇ ಅಲ್ಲ, ಟೀ ಬೇಡ ಅಂದು ಅಂದು.

ನಮ್ಮ ಕಡೆ ಹೆಂಗೆ ಅಂತ ಗೊತ್ತಲ್ಲ, ಯಾರ ಮನೆಗೆ ಹೋದ್ರೂ ಮೊದಲು "ಅಯ್ಯೋ ಏನೂ ಬೇಡ, ಈಗ ತಾನೇ ಕುಡ್ದು ಬಂದೆ" ಅಂತೀವಿ, ಅವರು "ಅದೆಂಗಾಗುತ್ತೆ, ಅರ್ಧ ಲೋಟ ಕುಡೀರಿ" ಅಂತಾರೆ, ನಾವು ಇನ್ನೊಂದ್ಸಲ ಬೇಡ ಅನ್ನೋ ಹೊತ್ತಿಗೆ ಒಳಗೆ ಹಾಲು ಉಕ್ಕಿರುತ್ತೆ. ಆಫೀಸಿಗೆ ಸೇರಿದ ದಿನ ಪಕ್ಕದ ಟೇಬಲ್ಲಿನವನು ಎದ್ದು ನಿಂತು "ಬ್ರೂ?" ಅಂತ ಎಲ್ಲರನ್ನೂ ಕೇಳಿದ, ಈ ಕಡೆ ಟೀಗೆ ಹಂಗಂತಾರೆ. ನಾನು ಅಭ್ಯಾಸದಂತೆ ಬೇಡ ಅಂದೆ. ಅವನು ಸರಿ ಅಂತ ಹೊರಟೇಹೋದ. ಮಾರನೇ ದಿನಾನೂ ಅದೇ ಆಯ್ತು. ವಾರ ಕಳೆಯೋದ್ರಲ್ಲಿ ನನ್ನನ್ನ ಕೇಳೋದನ್ನೇ ಬಿಟ್ರು, ಐದು ತಿಂಗಳು ನಾನು ಒಬ್ಬನೇ ಹೋಗಿ ಮಷೀನ್ ಟೀ ಕುಡ್ದು ಬರ್ತಿದ್ದೆ, ಇವರಿಗೆ ನಾನು ಬೇಡವಾಗಿದೀನಿ ಅಂತ ರಾತ್ರಿ ಹೆಂಡತಿ ಹತ್ರ ಹೇಳ್ಕೊಂಡು ಕೊರಗ್ತಿದ್ದೆ. ಅವರು ಅನ್ಕೊಂಡಿದ್ದು ಇಷ್ಟೇ, ಇವನು ಟೀ ಕುಡಿಯಲ್ಲ ಅಂತ.

ದಯವಿಟ್ಟು ಮೊದಲ ಸಲವೇ ಹೂಂ ಅನ್ನಿ. ಮತ್ತೆ ಎರಡು ಸಲ ಅವರ ಕೈಯಿಂದ ಕುಡಿದ್ರೆ ಮೂರನೇ ಸಲ ನೀವೇ ಎದ್ದು ಎಲ್ಲರನ್ನೂ ಕೇಳಿ ಮಾಡ್ಕೊಂಡು ಬನ್ನಿ. ಯಾರಿಗೆ ಎಷ್ಟು ಹಾಲು, ಯಾರಿಗೆ ಸಕ್ಕರೆ ಇಲ್ಲ ಅಂತ ನೆನಪಿಟ್ಕೊಂಡ್ರೆ ಅದೇ ಸ್ನೇಹ.

ಇನ್ನೊಂದು ತಪ್ಪು ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಚುರ್ ಅನ್ನುತ್ತೆ. ಪಕ್ಕದ ಮನೆ ಅಜ್ಜಿ ಒಂದು ಶನಿವಾರ ಐದೂವರೆಗೆ ಟೀಗೆ ಬನ್ನಿ ಅಂದ್ರು. ಟೀ ಅಂದ್ರೆ ಟೀ ಬಿಸ್ಕತ್ತು ಅಂತ ನಾವು ಮನೇಲಿ ಹೊಟ್ಟೆ ತುಂಬಾ ಚಿತ್ರಾನ್ನ ತಿಂದು ಹೋದ್ವಿ. ಯಾರ್ಕ್‌ಶೈರ್ ಕಡೆ, ಅಂದ್ರೆ ಲೀಡ್ಸ್ ಇರೋ ಈ ಸೀಮೇಲಿ, ಟೀ ಅಂದ್ರೆ ಸಂಜೆ ಊಟ! ನಾವು ಮಾಂಸ ತಿನ್ನಲ್ಲ ಅಂತ ಅವರು ನಮಗೋಸ್ಕರ ಚೀಸ್ ಈರುಳ್ಳಿ ಪೈ ಮಾಡಿ, ಬಟಾಣಿ ಬೇಯಿಸಿ, ಹೂವಿನ ಅಂಚಿನ ಹಳೇ ತಟ್ಟೆ ಹಾಕಿ ಕಾಯ್ತಿದ್ರು. ಎರಡು ತುತ್ತಿಗಿಂತ ಜಾಸ್ತಿ ಇಳೀಲಿಲ್ಲ. ಉಳಿದ ಪೈ ಮೇಲೆ ಅವರು ಸುಮ್ನೆ ಒಂದು ಬಟ್ಟೆ ಮುಚ್ಚಿದ್ರು.

ಅದೇ ಅಜ್ಜಿ ಆಮೇಲೊಂದು ದಿನ ಹೇಳಿದ್ರು, ಯುದ್ಧದ ಟೈಮಲ್ಲಿ ಅವರು ಚಿಕ್ಕ ಹುಡುಗಿ, 1940ರಿಂದ ಟೀ ಪುಡಿ ರೇಷನ್ನು, ವಾರಕ್ಕೆ ತಲಾ 2 ಔನ್ಸ್, ಅಂದ್ರೆ 57 ಗ್ರಾಂ, ಅದು ಪೂರ್ತಿ ತೆಗೆದಿದ್ದು 1952ರಲ್ಲಿ. ಮನೆಗೆ ಯಾರಾದ್ರೂ ಬಂದ್ರೆ ಅವರಮ್ಮ ತನ್ನ ಪಾಲಿನ ಚಮಚ ಬಂದವರಿಗೆ ಅಂತ ಪಾಟ್‌ಗೆ ಹಾಕ್ತಿದ್ರಂತೆ. ಅಂಥವರು "ಕಪ್ ಆಫ್ ಟೀ, ಲವ್?" ಅಂತ ಬಾಗಿಲಲ್ಲಿ ನಿಂತು ಕೇಳಿದಾಗೆಲ್ಲ ನಾನು ಎಷ್ಟು ಸಲ ಬೇಡ ಅಂದಿದ್ದೆ.

ನಮ್ಮ ಟೀ ಬೇಕಂದ್ರೆ ಇಂಡಿಯನ್ ಅಂಗಡೀಲಿ ಪುಡಿ ಸಿಗುತ್ತೆ. ಮೊದಲ ದಿನ ಸಿಗದಿದ್ರೆ ಗಾಬರಿ ಬೇಡ, ಇಲ್ಲಿನ ಬ್ಯಾಗ್ ಒಳಗಿರೋದೂ ಬಹುಪಾಲು ಸಿಟಿಸಿ ಪುಡಿನೇ (ಎಲೆಯನ್ನ ಮೆಷೀನಲ್ಲಿ ಅರೆದು, ಹರಿದು, ಸುರುಳಿ ಮಾಡಿದ ಹರಳು ಪುಡಿ), 1930ರ ದಶಕದಲ್ಲಿ ಅಸ್ಸಾಮಲ್ಲಿ ಶುರುವಾದ ಪದ್ಧತಿ, ಇಲ್ಲಿಗೆ ಪುಡಿ ಈಗ ಹೆಚ್ಚಾಗಿ ಕೀನ್ಯಾ ಕಡೆಯಿಂದ ಬರುತ್ತೆ. ಎರಡು ಬ್ಯಾಗ್ ಹರಿದು ಶುಂಠಿ ಜಜ್ಜಿ ಹಾಕಿ ಹಾಲು ನೀರಲ್ಲಿ ಕುದಿಸಿ, ಬಣ್ಣ ಬರುತ್ತೆ. ಲೀಡ್ಸ್ ನೀರು ಮೆದು, ಲಂಡನ್‌ನದು ಗಡಸು, ಅಲ್ಲಿ ಟೀ ಮೇಲೆ ಪೊರೆ ಕಟ್ಟುತ್ತೆ, ಗಡಸು ನೀರಿಗೇ ಅಂತ ಯಾರ್ಕ್‌ಶೈರ್ ಟೀ ಅನ್ನೋ ಕಂಪನಿಯದು ಬೇರೆ ಪ್ಯಾಕೆಟ್ಟೇ ಇದೆ.

ಹೋದ ವರ್ಷ ನಮ್ಮಮ್ಮ ಬಂದಿದ್ರು. ಮಗಳು ಇಲ್ಲೇ ಹುಟ್ಟಿದವಳು, ಹದಿಮೂರು ವರ್ಷ. ಸ್ಕೂಲಿಂದ ಬಂದು "ಅಜ್ಜಿ, ಟೀ ಬೇಕಾ?" ಅಂದಿದಾಳೆ. ಅಮ್ಮ "ಬೇಡ ಬಿಡವ್ವಾ" ಅಂದಿದಾರೆ. ಇವಳು ತನಗೊಂದೇ ಕಪ್ ಮಾಡ್ಕೊಂಡು ಎದುರಿಗೇ ಕೂತು ಕುಡಿದಿದಾಳೆ. ನಾನು ಆರೂವರೆಗೆ ಬಂದು ನೋಡಿದ್ರೆ ಅಮ್ಮನ ಮುಖ ಬಾಡಿಹೋಗಿತ್ತು, ತಲೆನೋವು ಅಂದ್ರು. ಮಗಳ ತಪ್ಪೇನೂ ಇಲ್ಲ, ಬೇಡ ಅಂದ್ರೆ ಬೇಡ ಅಂತಾನೇ ಅವಳು ಕಲಿತಿರೋದು, ನಾವೇ ಕಲಿಸಿದ್ದು. ಆದ್ರೂ ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಒತ್ತಾಯ ಮಾಡೋದು ಅಂದ್ರೇನು ಅಂತ ಈ ಮಗುವಿಗೆ ಗೊತ್ತೇ ಇಲ್ವಲ್ಲ ಅಂತ. ಬೆಳಿಗ್ಗೆ ಅವಳನ್ನ ಕೂರಿಸ್ಕೊಂಡು ಹೇಳಿದೆ, ಅಜ್ಜಿಗೆ ಮಾತ್ರ ಮೂರು ಸಲ ಕೇಳ್ಬೇಕು ಪುಟ್ಟಿ ಅಂತ.

ಅವತ್ತು ಸಂಜೆ ನಾನು ಬೇಗ ಬಂದಿದ್ದೆ. "ಅಜ್ಜಿ, ಟೀ?" "ಬೇಡ ಬಿಡವ್ವಾ." "ಅರ್ಧ ಲೋಟ?" "ಯಾಕೆ ಸುಮ್ನೆ ನಿಂಗೆ ಕಷ್ಟ." "ನಾನು ಇಟ್ಟಾಯ್ತು ಅಜ್ಜಿ."

ಅಮ್ಮ ಸೆರಗು ಸರಿಮಾಡ್ಕೊಂಡು ಅಡುಗೆಮನೆ ಕಡೆ ತಿರುಗಿ, "ಹಂಗಾದ್ರೆ ಸಕ್ಕರೆ ಒಂಚೂರು ಜಾಸ್ತಿ ಹಾಕವ್ವಾ" ಅಂದ್ರು.