ಕಲ್ಲು ಮಗುಚಿ ನೋಡಿ, ಹೊಳೆ ಹೇಗಿದೆ ತಿಳಿಯುತ್ತೆ

ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕಳಿಸಿದರೆ ಆ ಹೊತ್ತಿನ ಕತೆ ಮಾತ್ರ ಸಿಗುತ್ತದೆ. ರಾತ್ರಿ ಯಾರೋ ಕೊಳಕು ನೀರು ಬಿಟ್ಟು, ಬೆಳಗ್ಗೆಯೊಳಗೆ ಅದು ಹರಿದು ಹೋಗಿದ್ದರೆ ಬಾಟಲಿಗೆ ಗೊತ್ತೇ ಆಗುವುದಿಲ್ಲ. ಕಲ್ಲಿನಡಿ ತಿಂಗಳುಗಟ್ಟಲೆ ಬಾಳುವ ಹುಳುಗಳಿಗೆ ಗೊತ್ತಾಗುತ್ತದೆ. ಅವನ್ನು ಕೇಳೋಣ.

ಸಣ್ಣ ಕಣ್ಣಿನ ಬಲೆ, ಭೂತಗನ್ನಡಿ, ಹಳೇ ಬ್ರಷ್, ಒಂದು ಟ್ರೇ ಸಾಕು. ಟ್ರೇ ಬಿಳಿ ಇರಲೇಬೇಕು, ಬಣ್ಣದ್ದಾದರೆ ಅರ್ಧ ಹುಳು ಕಣ್ಣಿಗೇ ಬೀಳುವುದಿಲ್ಲ.

ಮೊಣಕಾಲಿಗಿಂತ ಕಡಿಮೆ ಆಳದಲ್ಲಿ, ಕಲ್ಲುಗಳ ಮೇಲೆ ಜುಳುಜುಳು ಹರಿಯುವ ಜಾಗ ಹುಡುಕಿ. ಮಳೆಯಿಂದ ನೀರು ಏರಿದ್ದರೆ ಇಳಿಯಲೇಬೇಡಿ. ಬಲೆಯ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಮುಂದಿನ ಕಲ್ಲು, ಮರಳನ್ನು ಮೂರು ನಿಮಿಷ ಕಾಲಿನಿಂದ ಕೆದಕಿ. ಎರಡು ಮೂರು ಕಲ್ಲೆತ್ತಿ ಅಡಿಭಾಗವನ್ನು ಬ್ರಷ್‌ನಿಂದ ಬಲೆಯೊಳಗೆ ಸವರಿ. ಬಲೆಗೆ ಬಿದ್ದದ್ದನ್ನು ಹೊಳೆ ನೀರಿರುವ ಟ್ರೇಗೆ ಸುರಿದು ಸುಮ್ನೆ ಕೂತು ನೋಡಿ. ಮೊದಲು ಬರೀ ಕಸ. ಆಮೇಲೆ ಆ ಕಸವೇ ನಡೆಯೋಕೆ ಶುರು ಮಾಡುತ್ತದೆ!

ಹೊಟ್ಟೆಯ ಎರಡೂ ಬದಿಗೆ ಪುಟ್ಟ ಎಲೆಯಂಥ ಕಿವಿರು, ಹಿಂದೆ ಸಾಮಾನ್ಯವಾಗಿ ಮೂರು ಬಾಲ ಇದ್ದರೆ ಅದು ಮೇಫ್ಲೈ ಮರಿ. ಎರಡೇ ಬಾಲ, ಕಾಲಿನ ತುದಿಯಲ್ಲಿ ಎರಡೆರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಆಮ್ಲಜನಕ ಸಾಲದಾದಾಗ ಇದು ಪೈಲ್ವಾನ್ ದಂಡ ಹೊಡೆದಂತೆ ಮೈಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಟ್ರೇಯಲ್ಲೇ ಹಾಗೆ ಮಾಡಿದರೆ ಬೇಗ ಹೊಳೆಗೆ ಬಿಡಿ. ಮರಳಿನ ಕಾಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಕೊಳವೆಮನೆ ಕಟ್ಟಿಕೊಂಡಿರುವುದು ಕ್ಯಾಡಿಸ್‌ಫ್ಲೈ. ಈ ಮೂರೂ ಬಗೆಬಗೆಯಾಗಿ ಸಿಕ್ಕರೆ ನೀರು ಚೆನ್ನಾಗಿದೆ.

ಇವೊಂದೂ ಇಲ್ಲದೆ ಕೆಂಪು ಹುಳುಗಳೇ ಮುಕುರಿಕೊಂಡಿದ್ದರೆ ಅನುಮಾನ ಪಡಿ. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅವುಗಳಲ್ಲೂ ಇದೆ, ಅದಕ್ಕೇ ಆ ಬಣ್ಣ. ಆಮ್ಲಜನಕ ಕಡಿಮೆಯಾದರೂ ಅವು ತಡೆದುಕೊಳ್ಳುತ್ತವೆ. ಹಾಗಾಗಿ ತಲೆ ಎಣಿಸಬೇಡಿ, ಬಗೆ ಎಣಿಸಿ. ಬ್ರಿಟನ್ನಿನ ಒಂದು ಪದ್ಧತಿಯಲ್ಲಿ ಹುಳುಗಳ ಕುಟುಂಬಕ್ಕೆ 1ರಿಂದ 10 ಅಂಕ. ಸ್ಟೋನ್‌ಫ್ಲೈಯ ಹಲವು ಕುಟುಂಬಗಳಿಗೆ 10, ಎರೆಹುಳುವಿನ ನೆಂಟರಿಗೆ 1.

ಕಾರಣ ಏನಿರಬಹುದು? ಚರಂಡಿ ನೀರು ಸೇರಿದರೆ ಅದರ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ದಡದ ಮರ ಕಡಿದು ನೀರು ಬಿಸಿಯಾದರೂ ತೊಂದರೆಯೇ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ 7.5 ಅಷ್ಟೇ ಹಿಡಿಯುತ್ತದೆ. ಗೊಬ್ಬರ ಹರಿದು ಬಂದರೆ ಪಾಚಿ ಜಾಸ್ತಿಯಾಗುತ್ತದೆ. ಹಗಲು ಆಮ್ಲಜನಕ ಕೊಡುವ ಅದೇ ಪಾಚಿ ರಾತ್ರಿ ತಾನೇ ಅದನ್ನು ಎಳೆದುಕೊಳ್ಳುತ್ತದೆ, ಬೆಳಗಿನ ಜಾವ ಮೀನು ಉಸಿರಿಗೆ ಒದ್ದಾಡುತ್ತವೆ. ಯಾರೂ ತಲೆಕೆಡಿಸಿಕೊಳ್ಳದ್ದು ಅಂದ್ರೆ ಹೂಳು. ಕಲ್ಲಿನ ಸಂದಿಯೇ ಈ ಹುಳುಗಳ ಮನೆ, ಮೀನಿನ ಮೊಟ್ಟೆಗೂ ಅದೇ ತೊಟ್ಟಿಲು. ಅಲ್ಲಿ ಮಣ್ಣು ತುಂಬಿದರೆ ಇರೋದೆಲ್ಲಿ? ಇನ್ನು ಕೀಟನಾಶಕ ಸೇರಿದ ನೀರು ಕನ್ನಡಿಯಷ್ಟು ತಿಳಿಯಾಗಿದ್ದು, ಟ್ರೇ ಮಾತ್ರ ಖಾಲಿ ಇರಬಹುದು.

ಮೂಲ ಹಿಡಿಯಬೇಕಾದರೆ ಅನುಮಾನದ ಮೋರಿಗಿಂತ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ, ಒಂದೇ ದಿನ ಇದೇ ಕೆಲಸ ಮಾಡಿ. ಕೆಳಗಿನ ಜಾಗದಲ್ಲಿ ಮೊದಲು ಹುಡುಕಿ. ಮೇಲೆ ಕೆದಕಿದರೆ ಅಲ್ಲಿನ ಹುಳುಗಳೇ ಕೆಳಗಿನ ಬಲೆಗೆ ಬಂದುಬಿಡುತ್ತವೆ.

ಎತ್ತಿದ ಕಲ್ಲನ್ನು ಪಾಚಿಯ ಮುಖ ಮೇಲಿರುವಂತೆ ಅದೇ ಜಾಗದಲ್ಲಿಡಿ. ಮನೆಗೆ ಹೋದಮೇಲೆ ಸೋಪು ಹಾಕಿ ಕೈ ತೊಳೆಯಿರಿ.