ಕೆರೆಯ ಹೂಳು ಓದುವುದು ಹೇಗೆ?

ರಾಯಚೂರಿನ ಮಾವಿನಕೆರೆಯಂತಹ ಊರೊಳಗಿನ ಕೆರೆ ಹಸಿರಾದಾಗ ಎಲ್ಲರ ಕಣ್ಣೂ ನೀರಿನ ಮೇಲೆ. ಆದರೆ ಕೆರೆ ಇಷ್ಟು ವರ್ಷ ಏನೇನು ನುಂಗಿದೆ ಅನ್ನುವ ಲೆಕ್ಕ ಇರುವುದು ತಳದ ಹೂಳಿನಲ್ಲಿ. ಡಿಎಪಿ ಗೊಬ್ಬರ ಹೊಲಕ್ಕೆ ಬಿದ್ದರೆ ಬೆಳೆ, ಕೆರೆಗೆ ಸೇರಿದರೆ ಪಾಚಿ, ಅಲ್ವಾ? ಅದರಲ್ಲಿರುವ ರಂಜಕ, ಸಾರಜನಕವೇ ನಮ್ಮ ಮನೆಗಳ ಕೊಳಚೆಯಲ್ಲೂ ಇವೆ. ರಸಾಯನಶಾಸ್ತ್ರದ ಮೇಷ್ಟ್ರು ಜೊತೆಗಿದ್ದರೆ ಕಾಲೇಜು ಮಕ್ಕಳೇ ಇದನ್ನು ಅಳೆಯಬಹುದು.

ಮೊದಲು ಕೆರೆ ಸುತ್ತ ನಡೆಯಿರಿ. ಚರಂಡಿ ಎಲ್ಲಿ ಸೇರುತ್ತದೆ, ಕೋಡಿ ಎಲ್ಲಿದೆ, ಬರೆದುಕೊಳ್ಳಿ. ಹೂಳೆತ್ತಿದ ಜಾಗ ಯಾವುದೆಂದು ಹಳಬರನ್ನು ಕೇಳಿ. ಅಲ್ಲಿ ವರ್ಷ ವರ್ಷ ಒಂದರ ಮೇಲೊಂದು ಕೂತ ಹೂಳಿನ ಪದರಗಳು ಉಳಿದಿರುವುದಿಲ್ಲ.

ನೀರು ಹಿಡಿಯುವ ಬಾಟಲಿಯನ್ನು ಸೋಪಿನಪುಡಿಯಿಂದ ತೊಳೆಯಬೇಡಿ, ಅದರಲ್ಲೇ ರಂಜಕ ಇರಬಹುದು. ಲ್ಯಾಬಿನಲ್ಲಿ ತೆಳು ಆಮ್ಲದಿಂದ ತೊಳೆಸಿ. ಕರಗಿದ ಆಮ್ಲಜನಕವನ್ನು ಬೆಳಗಾಗುವ ಮುಂಚೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆಯಿರಿ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಬರೀ ಬಳಸುತ್ತದೆ. ಬರೀ ಮಧ್ಯಾಹ್ನ ಅಳೆದರೆ ಕೆರೆ ಚೆನ್ನಾಗಿದೆ ಅಂತ ಮೋಸ ಹೋಗುತ್ತೀರಿ. ಒಂದು ಲೀಟರಿನಲ್ಲಿ ಒಟ್ಟು ರಂಜಕ ಸರಾಸರಿ 35 ಮೈಕ್ರೋಗ್ರಾಂ ದಾಟಿದರೆ ಪೋಷಕಾಂಶ ಜಾಸ್ತಿ ಅಂತ ಲೆಕ್ಕ. ಗ್ರಾಂ ಒಂದಕ್ಕೆ 10 ಲಕ್ಷ ಮೈಕ್ರೋಗ್ರಾಂ. ಅಷ್ಟು ಚೂರೇ ಸಾಕು.

ಇನ್ನು ಹೂಳು. ಕೈಗವಸು ಹಾಕಿ, ಒಬ್ಬರೇ ಇಳಿಯಬೇಡಿ. ಆರಾಳು ಆಳದ ಕೆರೆ ಬೇಡ, ತೆಪ್ಪದಿಂದ ಕೈಗೆಟುಕುವ ಆಳ ಸಾಕು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ನಿಧಾನವಾಗಿ ಒತ್ತಿ, ಮೇಲಿನ ಬಾಯಿ ಬಿಗಿಯಾಗಿ ಮುಚ್ಚಿ ಎತ್ತಿ. ತುದಿ ನೀರಿನಿಂದ ಹೊರಬರುವ ಮೊದಲೇ ಕೆಳಗೆ ರಬ್ಬರ್ ಬಿರಡೆ ಹಾಕಿ. ಈಗ ಕೊಳವೆ ನೋಡಿ. ಹೂಳಿನ ಮೇಲ್ಪದರ ಕಂದಾಗಿದ್ದರೆ ಅಲ್ಲಿ ಆಮ್ಲಜನಕ ಇದೆ, ಕಬ್ಬಿಣ ರಂಜಕವನ್ನು ಹಿಡಿದಿಟ್ಟುಕೊಂಡಿದೆ. ಮೇಲಿನವರೆಗೂ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಹಿಡಿತ ಸಡಿಲವಾಗಿದೆ. 1 ಸೆಂಟಿಮೀಟರಿನಂತೆ ಕತ್ತರಿಸಿ, ಒಂದೊಂದು ಬಿಲ್ಲೆಗೂ ಚೀಟಿ ಅಂಟಿಸಿ, ಒಣಗಿಸಿ ಲ್ಯಾಬಿಗೆ ಕೊಡಿ. ಕೆಳಗಿಂದ ಮೇಲೆ ಬಂದಂತೆ ರಂಜಕ ಏರಿದ್ದರೆ ಕೊಳಚೆ ಹೆಚ್ಚಿರಬಹುದು. ಆದರೆ ರಂಜಕ ಹೂಳಿನೊಳಗೇ ಮೇಲಕ್ಕೆ ಸರಿಯುವುದೂ ಉಂಟು, ಒಂದೇ ಕೊಳವೆ ನಂಬಿ ತೀರ್ಮಾನಿಸಬೇಡಿ.

ಕೊನೆಗೊಂದು ಪರೀಕ್ಷೆ, ನನಗೆ ಬಹಳ ಇಷ್ಟವಾದದ್ದು. ಎರಡು ಜಾಡಿಗೆ ಅದೇ ಹಸಿ ಹೂಳು, ಮೇಲೆ ರಂಜಕವಿಲ್ಲದ ನೀರು ಹಾಕಿ. ಒಂದಕ್ಕೆ ಮೀನಿನ ತೊಟ್ಟಿಯ ಪಂಪಿನಿಂದ ಗಾಳಿ ಬಿಡಿ, ಇನ್ನೊಂದನ್ನು ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿ. ಎರಡು ವಾರ ಬಿಟ್ಟು ನೀರು ಪರೀಕ್ಷಿಸಿ. ಮುಚ್ಚಿದ ಜಾಡಿಯಲ್ಲಿ ರಂಜಕ ಏರಿದ್ದರೆ, ಚರಂಡಿ ಬಂದ್ ಮಾಡಿದ ಮೇಲೂ ಆ ಕೆರೆ ತನ್ನ ಹೂಳಿನಿಂದಲೇ ಕೆಲವು ವರ್ಷ ಪಾಚಿ ಬೆಳೆಸಬಹುದು.